ಟರ್ಬೊ ಕಾರಿಗೆ ಹೊಸ ಹೆಡರ್: ಕೊಳವೆಯದೋ, ಬೀಡು ಕಬ್ಬಿಣದ್ದೋ?

ಕೆಂಪುಧೂಳು (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ಹೈದರಾಬಾದಿನ ಒಬ್ಬರಿಂದ ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್ ಟೆನ್ ಕಾರನ್ನು ಕೊಂಡುಕೊಂಡೆ. 2010ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮಾದರಿ ಅದು. ಎರಡು ಲೀಟರಿನ, ನಾಲ್ಕು ಸಿಲಿಂಡರಿನ 4ಬಿ11 ಟರ್ಬೊ ಎಂಜಿನ್ ಅದರಲ್ಲಿದೆ. ಹೊಗೆಯ ರಭಸದಿಂದ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನವೇ ಟರ್ಬೊ. ಕೊಳ್ಳುವಾಗಲೇ ಕಂಪನಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರ್‌ಗಳ ಹೊಗೆಯನ್ನು ಕೂಡಿಸಿ ಟರ್ಬೊಗೆ ಒಯ್ಯುವ ಭಾಗ, ಅದರಲ್ಲಿರಲಿಲ್ಲ. ಹಿಂದಿನ ಮಾಲೀಕರು ಅದರ ಜಾಗಕ್ಕೆ ಹೆಸರಿಲ್ಲದ, ಥಳಥಳ ಹೊಳೆಯುವ ಸ್ಟೀಲ್ ಕೊಳವೆಯ ಹೆಡರ್ ಹಾಕಿಸಿ, ಮೂಲ ಮ್ಯಾನಿಫೋಲ್ಡನ್ನು ಗುಜರಿಗೆ ಕೊಟ್ಟಿದ್ದರಂತೆ.

ಕಳೆದ ತಿಂಗಳಿನಿಂದ ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದರೆ ಬೆಂಕಿಗೋಡೆಯ (ಎಂಜಿನ್ ಮತ್ತು ಕೂರುವ ಜಾಗದ ನಡುವಿನ ತಗಡಿನ) ಕಡೆಯಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಐದು ನಿಮಿಷಕ್ಕೆ ತಾನೇ ನಿಂತುಹೋಗುತ್ತಿತ್ತು. ವಾಲ್ವ್ ಎತ್ತುವ ಟ್ಯಾಪೆಟ್ಟಿನ ಸದ್ದಿರಬೇಕೆಂದು ಸುಮ್ಮನಿದ್ದೆ. ಹೋದ ವಾರ ಹೀಟ್ ಶೀಲ್ಡ್ ಬಿಚ್ಚಿ ನೋಡಿದಾಗ ನಿಜ ಗೊತ್ತಾಯಿತು. ನಮ್ಮೂರಿನ ಅದಿರಿನ ಧೂಳು ಒಳಗೆಲ್ಲ ಕೆಂಪಗೆ ಕೂತಿತ್ತು, ಆ ಕೆಂಪಿನ ಮೇಲೆ ಮೂರನೇ ಪೋರ್ಟಿನ (ಸಿಲಿಂಡರಿನ ಹೊಗೆ ಹೊರಬರುವ ಕಿಂಡಿಯ) ಬಳಿ ಮಸಿಯ ಕಪ್ಪು ಗೀರು ಬೀಸಣಿಗೆಯಂತೆ ಹರಡಿತ್ತು. ನಾಲ್ಕು ಕೊಳವೆಗಳು ಕೂಡುವ ಕಲೆಕ್ಟರಿನಲ್ಲಿ ಬೆಸುಗೆಯ ಅಂಚನ್ನೇ ಹಿಡಿದು ಹೆಬ್ಬೆರಳಿನಷ್ಟು ಉದ್ದದ, ಕೂದಲೆಳೆಯಂಥ ಬಿರುಕು ಇತ್ತು.

ಟರ್ಬೊ ಕಂಪನಿಯದೇ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕೂಡ ಕಂಪನಿ ಇಟ್ಟಷ್ಟೇ. ರೇಸಿನ ಆಸೆ ನನಗಿಲ್ಲ. ವಾರಕ್ಕೊಮ್ಮೆ ಹೊಸಪೇಟೆ ದಾಟಿ ಕೊಪ್ಪಳದವರೆಗೆ ಹೆದ್ದಾರಿಯಲ್ಲಿ ಹೋಗಿ ಬರುತ್ತೇನೆ, ಅಷ್ಟೇ. ಈಗ ನನ್ನ ಮುಂದೆ ನಾಲ್ಕು ದಾರಿಗಳಿವೆ: ಇದೇ ಬಗೆಯ ತೆಳು ಕೊಳವೆಯ ಇನ್ನೊಂದು ಹೆಡರ್, ದಪ್ಪ ಪೈಪಿನ ದುಬಾರಿ ಹೆಡರ್, ಕಂಪನಿಯದೇ ಹಳೆಯ ಬೀಡು ಕಬ್ಬಿಣದ ಮ್ಯಾನಿಫೋಲ್ಡ್, ಇಲ್ಲವೇ ನಮ್ಮ ಕಡೆಯ ಕುಶಲ ವೆಲ್ಡರ್ ಒಬ್ಬರಿಂದ ಮಾಡಿಸುವುದು. ತಿಳಿದವರು ಕಾರಣಸಹಿತ ಹೇಳಬೇಕೆಂದು ವಿನಂತಿ.

ಗಿಣಿಗೇರ ಗೇಟ್ (ಕೊಪ್ಪಳ)

ನಮ್ಮ ಸುತ್ತಮುತ್ತ ಇದೇ ಎಂಜಿನ್ ಇರುವ ಇನ್ನೊಂದು ಕಾರು ಓಡುತ್ತಿದೆ ಎಂದು ತಿಳಿದು ಆಶ್ಚರ್ಯವೂ ಸಂತೋಷವೂ ಆಯಿತು, ಅಣ್ಣನವರೇ. ನನ್ನದರಲ್ಲಿ ದೊಡ್ಡ ಟರ್ಬೊ ಇದೆ, ಸಮಾನ ಉದ್ದದ ಕೊಳವೆಗಳ ಹೆಡರ್ ಇದೆ. ಬೀಡು ಕಬ್ಬಿಣದ ಕಡೆಗೆ ಮರಳಬೇಡಿ ಎಂಬುದೇ ನನ್ನ ಮಾತು. ಎರಕದ ಮ್ಯಾನಿಫೋಲ್ಡಿನಲ್ಲಿ ಕೊಳವೆಗಳು ಗಿಡ್ಡವಾಗಿರುತ್ತವೆ, ತಿರುವುಗಳು ಇಕ್ಕಟ್ಟಾಗಿರುತ್ತವೆ, ಒಳಮೈ ಒರಟಾಗಿರುತ್ತದೆ. ಉದ್ದನೆಯ, ನುಣುಪಾದ, ಒಂದೇ ಅಳತೆಯ ಕೊಳವೆಗಳಲ್ಲಿ ಹೊಗೆ ಸರಾಗವಾಗಿ ಟರ್ಬೊದೊಳಗಿನ ಟರ್ಬೈನ್ ಚಕ್ರಕ್ಕೆ ತಲುಪುತ್ತದೆ, 5,000 ಆರ್‌ಪಿಎಮ್ ದಾಟಿದ ಮೇಲೆ ಎಂಜಿನ್ ಉಸಿರಾಡುವ ರೀತಿಯೇ ಬೇರೆ. ನಿಮ್ಮದು ಒಡೆದದ್ದು ಕೊಳವೆಯ ಹೆಡರ್ ಆದ್ದರಿಂದಲ್ಲ, ಕಳಪೆ ಹೆಡರ್ ಆದ್ದರಿಂದ.

ಮೇಷ್ಟ್ರು (ರಾಯಚೂರು)

ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಹೇಳುವವನು ನಾನು, ಆದ್ದರಿಂದ ಮಾತು ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ಸಮಾನ ಉದ್ದ ಎಂಬುದಕ್ಕಿಂತ ಮೊದಲು ಯಾವ ಕೊಳವೆ ಯಾವುದರ ಜೊತೆ ಕೂಡುತ್ತದೆ ಎಂಬುದನ್ನು ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ನಾಲ್ಕೂ ಸಿಲಿಂಡರ್‌ಗಳು ಒಂದೊಂದು ಸಲ ಉರಿಯುತ್ತವೆ. ಅಲ್ಲಿಗೆ 180 ಡಿಗ್ರಿಗೊಂದು ಸರದಿ. ಎಕ್ಸಾಸ್ಟ್ ವಾಲ್ವ್ ತೆರೆದಿರುವ ಅವಧಿ ಮಾತ್ರ 180 ಡಿಗ್ರಿಗಿಂತ ಹೆಚ್ಚು. ಈ ಎಂಜಿನ್ನಿನ ಉರಿಯುವ ಕ್ರಮ 1-3-4-2. ಒಂದನೆಯದು ತನ್ನ ಹೊಗೆಯ ಕೊನೆಯ ಪಾಲನ್ನು ಹೊರಹಾಕುತ್ತಿರುವಾಗಲೇ ಮೂರನೆಯದರ ವಾಲ್ವ್ ತೆರೆದು, ಅದರ ಮೊದಲ ರಭಸದ ಹೊಗೆ ಕಲೆಕ್ಟರಿಗೆ ನುಗ್ಗುತ್ತದೆ. ನಾಲ್ಕೂ ಕೊಳವೆಗಳು ಒಂದೇ ಬಾಯಿಗೆ ಸೇರಿದ್ದರೆ ಆ ರಭಸ ಹಿಂದಕ್ಕೆ ತಿರುಗಿ ಒಂದನೆಯ ಸಿಲಿಂಡರಿನೊಳಕ್ಕೇ ಹೋಗುತ್ತದೆ. ಹಳೆಯ ಹೊಗೆ ಒಳಗುಳಿದಷ್ಟು ಹೊಸ ಗಾಳಿಗೆ ಜಾಗ ಕಡಿಮೆ, ನಾಕಿಂಗ್ (ಪೆಟ್ರೋಲ್ ಅಂಕೆತಪ್ಪಿ ತಾನೇ ಸ್ಫೋಟಿಸುವ) ಭಯ ಹೆಚ್ಚು.

ಇದನ್ನು ತಪ್ಪಿಸಲೆಂದೇ ಈ ಕಾರಿನ ಟರ್ಬೊ ಟ್ವಿನ್ ಸ್ಕ್ರೋಲ್ ಬಗೆಯದು. ಟರ್ಬೈನಿನ ಬಾಯಿಯಲ್ಲಿ ನಡುಗೋಡೆ ಇರುತ್ತದೆ. ಒಂದು ಮತ್ತು ನಾಲ್ಕನೆಯ ಸಿಲಿಂಡರ್‌ಗಳ ಹೊಗೆ ಒಂದು ಕಡೆಯಿಂದ, ಎರಡು ಮತ್ತು ಮೂರನೆಯವುಗಳದ್ದು ಇನ್ನೊಂದು ಕಡೆಯಿಂದ ಬರುತ್ತದೆ. ಹೀಗೆ ಜೋಡಿಸಿದಾಗ ಒಂದು ಓಣಿಯಲ್ಲಿ ಎರಡು ರಭಸಗಳ ನಡುವೆ ಪೂರಾ 360 ಡಿಗ್ರಿಗಳ ಅಂತರ ಸಿಗುತ್ತದೆ, ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ಬೀಳುವುದಿಲ್ಲ. ಕಡಿಮೆ ಆರ್‌ಪಿಎಮ್‌ನಲ್ಲೇ ಟರ್ಬೊ ಎಚ್ಚರಗೊಳ್ಳುವುದಕ್ಕೆ ಇದೂ ಒಂದು ಕಾರಣ.

ನೀವು ಕೊಳ್ಳಲು ಹೊರಟ ಹೆಡರಿನ ಕಲೆಕ್ಟರಿನಲ್ಲಿ ಈ ನಡುಗೋಡೆ ಕೊನೆಯವರೆಗೂ ಇದೆಯೇ, ಅದು ಟರ್ಬೈನಿನ ನಡುಗೋಡೆಗೆ ಸರಿಯಾಗಿ ಎದುರಾಗುತ್ತದೆಯೇ ಎಂದು ಮೊದಲು ನೋಡಿ. ಸದ್ಯ ಇರುವುದನ್ನು ಬಿಚ್ಚಿದಾಗ ಅದರ ಬಾಯಿಯ ಚಿತ್ರವೊಂದನ್ನು ಹಾಕಿದರೆ ಉಪಕಾರವಾಗುತ್ತದೆ.

ಕೆಂಪುಧೂಳು (ಬಳ್ಳಾರಿ)

ಮೇಷ್ಟ್ರೇ, ಬಿಚ್ಚಿ ನೋಡಿದೆ. ನಡುಗೋಡೆಯೇ ಇಲ್ಲ. ನಾಲ್ಕು ಕೊಳವೆಗಳೂ ಒಂದೇ ಚೌಕದ ಬಾಯಿಗೆ ಬಂದು ಬಿದ್ದಿವೆ. ಕಾರು ಕೊಂಡಂದಿನಿಂದ 3,500 ಆರ್‌ಪಿಎಮ್‌ನ ಕೆಳಗೆ ಸೋಮಾರಿಯಾಗಿದೆ ಎಂದು ಟರ್ಬೊವನ್ನೇ ಬೈಯುತ್ತಿದ್ದೆ.

ಸಿಂಧನೂರು ಗದ್ದೆ (ರಾಯಚೂರು ಜಿಲ್ಲೆ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಬಳಿ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ಇದೆ. ಇದಕ್ಕೂ ಒಂದು ಹೆಡರ್ ಹಾಕಿಸಬೇಕೆಂದಿದ್ದೇನೆ, ಯಾವುದು ಒಳ್ಳೆಯದು?

ಮೇಷ್ಟ್ರು (ರಾಯಚೂರು)

ನಿಮ್ಮ ಹಣ ಉಳಿಯಿತು. ಆ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಎರಕವಾಗಿದ್ದು, ಅದರ ಸುತ್ತ ಕೂಲಂಟ್ ನೀರು ಹರಿಯುತ್ತದೆ. ಬಿಚ್ಚಿ ಬದಲಿಸಲು ಬೇರೆ ಭಾಗವೆಂಬುದೇ ಇಲ್ಲ. ಟರ್ಬೊ ನೇರವಾಗಿ ಹೆಡ್ಡಿಗೇ ಕೂತಿದೆ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ನ ಎರಡು ಲೀಟರ್ ಟಿಎಸ್‌ಐ ಕೂಡ ಹೀಗೆಯೇ. ಯಾರಾದರೂ ಇವಕ್ಕೆ ಹೆಡರ್ ಎಂದು ಮಾರಿದರೆ ಅದು ಟರ್ಬೊದ ನಂತರ ಬರುವ ಡೌನ್ ಪೈಪ್ ಆಗಿರುತ್ತದೆ. ಅದರಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದರಿಂದ ಅದಕ್ಕೆ ಕೈಹಾಕುವುದು ಬೇರೆಯದೇ ತಕರಾರು.

ಶಕ್ತಿನಗರದ ವೆಲ್ಡರ್ (ರಾಯಚೂರು)

ಕಾರಿನ ವಿಷಯದಲ್ಲಿ ನಾನು ಅಧಿಕಾರಿಯಲ್ಲ, ಆದರೆ ಬಿಸಿ ಪೈಪಿನ ಬೆಸುಗೆಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ನಮ್ಮ ಶಾಖೋತ್ಪನ್ನ ಕೇಂದ್ರದ ಬಾಯ್ಲರಿನಲ್ಲಿ ಹಬೆ 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಪೆಟ್ರೋಲ್ ಟರ್ಬೊ ಎಂಜಿನ್ನಿನ ಹೊಗೆ ಭಾರ ಬಿದ್ದಾಗ 850ರಿಂದ 950 ಡಿಗ್ರಿಗೆ ಏರುತ್ತದೆ. ಬಾಯ್ಲರನ್ನು ನಾವು ಗಂಟೆಗಟ್ಟಲೆ ನಿಧಾನವಾಗಿ ಕಾಯಿಸುತ್ತೇವೆ, ಕಾದ ಮೇಲೆ ವಾರಗಟ್ಟಲೆ ಹಾಗೇ ಇಡುತ್ತೇವೆ. ನಿಮ್ಮ ಹೆಡರ್ ಹತ್ತು ನಿಮಿಷದಲ್ಲಿ ಕೆಂಡವಾಗಿ, ಢಾಬಾದಲ್ಲಿ ಚಹಾ ಕುಡಿಯುವಷ್ಟರಲ್ಲಿ ತಣ್ಣಗಾಗಿ, ಮತ್ತೆ ಕೆಂಡವಾಗುತ್ತದೆ. ಲೋಹವನ್ನು ಕೊಲ್ಲುವುದು ಬರೀ ಬಿಸಿಯಲ್ಲ, ಈ ಹತ್ತಿ ಇಳಿಯುವ ಆಟ.

ಲೆಕ್ಕ ಹಾಕಿ ನೋಡಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ 300 ಮಿ.ಮೀ. ಉದ್ದದ ಕೊಳವೆಯು 800 ಡಿಗ್ರಿಯಷ್ಟು ಬಿಸಿಯೇರಿದರೆ 4 ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಬೀಡು ಕಬ್ಬಿಣ ಅಷ್ಟೇ ಬಿಸಿಗೆ 3 ಮಿ.ಮೀ. ಆಸುಪಾಸು ಹಿಗ್ಗುತ್ತದೆ. ಕೊಳವೆಯ ಒಂದು ತುದಿಯನ್ನು ಕಚ್ಚಿಕೊಂಡ ಸಿಲಿಂಡರ್ ಹೆಡ್ಡಾದರೋ ನೀರಿನಿಂದ ತಣ್ಣಗಾಗುತ್ತ ನೂರು ಡಿಗ್ರಿಯ ಹತ್ತಿರವೇ ನಿಂತಿರುತ್ತದೆ. ಇನ್ನೊಂದು ತುದಿಯಲ್ಲಿ ಟರ್ಬೊದ ಭಾರ ಜೋತಾಡುತ್ತಿರುತ್ತದೆ. ನಡುವೆ ಬೆಳೆದ ಆ ನಾಲ್ಕು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಎಲ್ಲಿ ದುರ್ಬಲವೋ ಅಲ್ಲಿಗೆ, ಅಂದರೆ ನಿಮ್ಮ ಕಲೆಕ್ಟರಿನ ಬೆಸುಗೆಯ ಅಂಚಿಗೆ. ಆದ್ದರಿಂದ ಯಾವ ಹೆಡರ್ ಹಾಕಿದರೂ ಟರ್ಬೊವನ್ನು ಎಂಜಿನ್ ಬ್ಲಾಕಿಗೆ ಹಿಡಿದು ನಿಲ್ಲಿಸುವ ಆಧಾರದ ಪಟ್ಟಿ ಇರಲೇಬೇಕು. ಹಿಂದಿನವರು ಅದನ್ನು ಕಳೆದಿದ್ದಾರೆಯೇ ಎಂದು ನೋಡಿ.

ಇನ್ನು ಲೋಹದ ಮಾತು. 304 ದರ್ಜೆಯಲ್ಲಿ ಇಂಗಾಲ 0.08 ಪ್ರತಿಶತದವರೆಗೆ ಇರಬಹುದು. ಸುಮಾರು 425ರಿಂದ 860 ಡಿಗ್ರಿಗಳ ನಡುವೆ ಅದು ಬಹಳ ಹೊತ್ತು ಇದ್ದರೆ ಇಂಗಾಲವು ಕ್ರೋಮಿಯಮ್ಮನ್ನು ಎಳೆದುಕೊಂಡು ಲೋಹದ ಕಣಗಳ ಅಂಚಿನಲ್ಲಿ ಕೂರುತ್ತದೆ, ಆ ಅಂಚುಗಳಲ್ಲಿ ಲೋಹ ಬಡವಾಗುತ್ತದೆ. ಹೆಡರ್ ದಿನನಿತ್ಯ ಬದುಕುವುದೇ ಆ ಬಿಸಿಯಲ್ಲಿ. 321 ದರ್ಜೆಯಲ್ಲಿ ಟೈಟೇನಿಯಮ್ ಸೇರಿಸಿರುತ್ತಾರೆ, 347ರಲ್ಲಿ ನಿಯೋಬಿಯಮ್. ಅವು ಇಂಗಾಲವನ್ನು ತಾವೇ ಹಿಡಿದಿಟ್ಟುಕೊಂಡು ಕ್ರೋಮಿಯಮ್ಮನ್ನು ಉಳಿಸುತ್ತವೆ. ಕೊಳವೆಯ ಹೆಡರ್ ಬೇಕೇ ಬೇಕೆಂದರೆ 321 ಕೇಳಿ.

ಗೋಡೆಯ ದಪ್ಪವೂ ಮುಖ್ಯ. ತೆಳು ಹೆಡರ್‌ಗಳಲ್ಲಿ ಅದು 1.6 ಮಿ.ಮೀ. ಆಸುಪಾಸು. ಕಾರ್ಖಾನೆಯ ಒಂದೂಕಾಲು ಇಂಚಿನ ಶೆಡ್ಯೂಲ್ 10 (ಗೋಡೆಯ ದಪ್ಪದ ದರ್ಜೆ) ಪೈಪಿನಲ್ಲಿ 2.77 ಮಿ.ಮೀ., ಶೆಡ್ಯೂಲ್ 40ರಲ್ಲಿ 3.56 ಮಿ.ಮೀ. ಎರಡರ ಹೊರವ್ಯಾಸವೂ 42.2 ಮಿ.ಮೀ. ಆದ್ದರಿಂದ ದಪ್ಪ ಹೆಚ್ಚಿದಷ್ಟೂ ಒಳದಾರಿ ಕಿರಿದಾಗುತ್ತದೆ ಎಂಬುದನ್ನು ಮರೆಯಬೇಡಿ. ಟರ್ಬೊ ಹೊರುವ ಹೆಡರಿಗೆ ಶೆಡ್ಯೂಲ್ 10ಕ್ಕಿಂತ ತೆಳುವಾದದ್ದನ್ನು ನಾನು ಹಾಕುವುದಿಲ್ಲ.

ಒಂದು ಎಚ್ಚರಿಕೆ. ಮೆಟ್ಟಿಲ ಕಟಕಟೆಗೆ ಹಾಕುವ 202 ದರ್ಜೆಯ ಪೈಪನ್ನೇ 304 ಎಂದು ಹೇಳಿ ಕೊಡುವವರಿದ್ದಾರೆ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಎರಡಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಆ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಗುಜರಿ ವ್ಯಾಪಾರಿಗಳು ಒಂದು ಹನಿ ಪರೀಕ್ಷಾ ದ್ರಾವಣ ಹಾಕಿ ನೋಡುತ್ತಾರೆ; ಮ್ಯಾಂಗನೀಸ್ ಹೆಚ್ಚಿದ್ದರೆ ಅದು ಕೆಂಪಾಗುತ್ತದೆ. ಆ ಹನಿ ಕಾರಿನ ಅಂಗಡಿಯವರ ಬಳಿ ಇರುವುದಿಲ್ಲ, ಗುಜರಿಯವರ ಬಳಿ ಇರುತ್ತದೆ.

ಕೆಂಪುಧೂಳು (ಬಳ್ಳಾರಿ)

ಆಧಾರದ ಪಟ್ಟಿ ಇಲ್ಲ, ಸರ್. ಬ್ಲಾಕಿನ ಮೇಲೆ ಎರಡು ಖಾಲಿ ಬೋಲ್ಟ್ ರಂಧ್ರಗಳಿವೆ, ಅವುಗಳ ತುಂಬ ಧೂಳು. ಹಾಗಿದ್ದರೆ ಶೆಡ್ಯೂಲ್ 10 ಪೈಪು, 321 ದರ್ಜೆ, ನಡುಗೋಡೆಯ ಕಲೆಕ್ಟರ್, ಇಷ್ಟನ್ನೂ ಕೊಟ್ಟರೆ ತಾವೇ ಒಂದನ್ನು ಮಾಡಿಕೊಡಬಹುದೇ? ಬಾಯ್ಲರ್ ಬೆಸುಗೆಯವರು ತೋರಣಗಲ್ಲಿನಲ್ಲೂ ಕುಡತಿನಿಯಲ್ಲೂ ಇದ್ದಾರೆ, ಆದರೆ ತಮ್ಮಷ್ಟು ಬಿಡಿಸಿ ಹೇಳಿದವರು ಯಾರೂ ಸಿಗಲಿಲ್ಲ.

ಶಕ್ತಿನಗರದ ವೆಲ್ಡರ್ (ರಾಯಚೂರು)

ಬೆಸೆಯಬಲ್ಲೆ, ಆದರೆ ಮಾಡಿಕೊಡಲಾರೆ. ಕಾರಣ ಹೇಳುತ್ತೇನೆ.

ಮೊದಲನೆಯದು ಜಿಗ್. ಹೆಡ್ಡಿನ ಫ್ಲ್ಯಾಂಜು (ಬೋಲ್ಟ್ ಹಾಕಿ ಕೂರಿಸುವ ದಪ್ಪ ತಟ್ಟೆ), ಟರ್ಬೊದ ಫ್ಲ್ಯಾಂಜು, ಎರಡೂ ಕಾರಿನಲ್ಲಿ ಇದ್ದ ಹಾಗೆಯೇ ಗಟ್ಟಿ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಬೆಸುಗೆ ಮುಗಿದು ತಣ್ಣಗಾಗುವವರೆಗೆ ಅಲುಗದಂತೆ ಇಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಬೆಸುಗೆಯಲ್ಲಿ ಬಹಳ ಎಳೆಯುತ್ತದೆ. ಚೌಕಟ್ಟಿಲ್ಲದೆ ಮಾಡಿದರೆ ಟರ್ಬೊದ ಬಾಯಿ ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಬಂದಿರುತ್ತದೆ, ನೀವು ಬೋಲ್ಟಿನಿಂದ ಎಳೆದು ಕೂರಿಸುತ್ತೀರಿ. ಒಡೆಯುವ ಕೆಲಸ ಆ ದಿನವೇ ಶುರುವಾಯಿತೆಂದು ತಿಳಿಯಿರಿ. ಒಂದೇ ಹೆಡರಿಗಾಗಿ ಜಿಗ್ ಮಾಡಿಸುವ ಖರ್ಚಿನಲ್ಲಿ ಒಳ್ಳೆಯ ಹೆಡರೇ ಬರುತ್ತದೆ.

ಎರಡನೆಯದು ಒಳಗಿನ ಗ್ಯಾಸು. ಆರ್ಗಾನ್ ವೆಲ್ಡಿಂಗಿನಲ್ಲಿ ಹೊರಗಿನಿಂದ ಟಾರ್ಚಿನ ಗ್ಯಾಸು ಕಾಪಾಡುತ್ತದೆ, ಸರಿ. ಪೈಪಿನ ಒಳಗೂ ಆರ್ಗಾನ್ ತುಂಬಿಸಿ ಗಾಳಿಯನ್ನು ಹೊರಹಾಕದೆ ಬೆಸೆದರೆ ಬೆಸುಗೆಯ ಒಳಮೈ ಸುಟ್ಟ ಬೆಲ್ಲದ ಹಾಗೆ ಗುಳ್ಳೆ ಗುಳ್ಳೆಯಾಗಿ ಕರಕಲಾಗುತ್ತದೆ. ಹೊರಗಿನಿಂದ ನೋಡಿದರೆ ಮೀನಿನ ಹುರುಪೆಯಂತೆ ಚೆಂದದ ಬೆಸುಗೆ. ಒಳಗೆ ಅರ್ಧ ದಪ್ಪವೂ ಇರುವುದಿಲ್ಲ. ಮುಂದೊಂದು ದಿನ ಆ ಕರಕಲು ಚೂರು ಕಳಚಿದರೆ, ಅದರ ದಾರಿಯಲ್ಲಿ ಮೊದಲು ಸಿಗುವುದು ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು ತಿರುಗುವ ಟರ್ಬೈನ್ ಚಕ್ರ. ನಾಲ್ಕು ಬಾಯಿಗಳ ಕಲೆಕ್ಟರಿನಲ್ಲಿ ಈ ಒಳಗ್ಯಾಸನ್ನು ನಿಲ್ಲಿಸುವುದು ನೇರ ಪೈಪಿನಷ್ಟು ಸುಲಭವಲ್ಲ.

ನೀವು ಹೇಳಿದ ಬಳಕೆಗೆ, ಕಂಪನಿಯ ಟರ್ಬೊಗೆ, ಬೀಡು ಕಬ್ಬಿಣದ ಮೂಲ ಮ್ಯಾನಿಫೋಲ್ಡೇ ಸಾಕು ಎಂಬುದು ನನ್ನ ಅಭಿಪ್ರಾಯ. ವೆಲ್ಡರ್ ಆಗಿ ಹೀಗೆ ಹೇಳುವುದು ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡಂತೆ, ಆದರೂ ಅದೇ ನಿಜ.

ಗಿಣಿಗೇರ ಗೇಟ್ (ಕೊಪ್ಪಳ)

ವೆಲ್ಡರ್ ಸರ್ ಹೇಳಿದ ಜಿಗ್ಗಿನ ಮಾತನ್ನು ಒಪ್ಪುತ್ತೇನೆ, ಕೊನೆಯ ತೀರ್ಪನ್ನು ಒಪ್ಪುವುದಿಲ್ಲ. ಇಂದು ಕಂಪನಿಯ ಟರ್ಬೊ ಎನ್ನುವವರು ನಾಳೆ ದೊಡ್ಡದು ಹಾಕಿಸುತ್ತಾರೆ, ನಾನೂ ಹಾಗೆಯೇ ಹೇಳುತ್ತಿದ್ದೆ. ಬಿರುಕಿನ ಭಯವಿದ್ದರೆ ಹೆಡರಿಗೆ ಹೀಟ್ ವ್ರ್ಯಾಪ್ ಎಂಬ ಬಿಸಿ ತಡೆಯುವ ಪಟ್ಟಿ ಸುತ್ತಿಸಿ. ಬಿಸಿ ಒಳಗೇ ಉಳಿದರೆ ಟರ್ಬೊಗೂ ಒಳ್ಳೆಯದು, ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗ ಬಾನೆಟ್ ಒಳಗಿನ ಪ್ಲಾಸ್ಟಿಕ್ಕಿಗೂ ಒಳ್ಳೆಯದು.

ಶಕ್ತಿನಗರದ ವೆಲ್ಡರ್ (ರಾಯಚೂರು)

ತಮ್ಮಾ, ವ್ರ್ಯಾಪ್ ಸುತ್ತಿದರೆ ಹೊಗೆಯ ಬಿಸಿ ಹೊರಹೋಗದೆ ಕೊಳವೆಯ ಗೋಡೆಯೇ ಇನ್ನಷ್ಟು ಬಿಸಿಯಾಗುತ್ತದೆ. ತೆಳು ಪೈಪಿಗೆ ಅದು ಶತ್ರು. ಮೇಲಾಗಿ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ, ಮಳೆಗಾಲದಲ್ಲಿ ನೆನೆದ ಪಟ್ಟಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ನಮ್ಮ ಕಡೆಯ ಧೂಳು ಅದರೊಳಗೆ ಕೂತರೆ ಹೋಗುವುದಿಲ್ಲ. ಕಂಪನಿಯ ತಗಡಿನ ಶೀಲ್ಡು, ಟರ್ಬೈನ್ ಮನೆಗೆ ಬಿಸಿ ತಡೆಯುವ ಒಂದು ಕಂಬಳಿ, ಇವೆರಡು ಸಾಕು. ಸೆರಾಮಿಕ್ ಲೇಪನ ಮಾಡಿಸುವುದಾದರೆ ಅದಕ್ಕೆ ನನ್ನ ಅಡ್ಡಿಯಿಲ್ಲ.

ಮೇಷ್ಟ್ರು (ರಾಯಚೂರು)

ಗಿಣಿಗೇರದವರ ಮಾತಿನಲ್ಲೂ ಹುರುಳಿದೆ, ಅವರ ಕಾರಿನ ಮಟ್ಟಿಗೆ. ದೊಡ್ಡ ಟರ್ಬೊಗೆ ಹೆಚ್ಚು ಹೊಗೆ ಬೇಕು, ಮೇಲಿನ ಆರ್‌ಪಿಎಮ್‌ನಲ್ಲಿ ಎರಕದ ಮ್ಯಾನಿಫೋಲ್ಡ್ ಕತ್ತು ಹಿಡಿದಂತೆ ಆಗುತ್ತದೆ. ಕಂಪನಿಯ ಸಣ್ಣ ಟರ್ಬೊ ಇರುವಲ್ಲಿ ಇಕ್ಕಟ್ಟು ಇರುವುದು ಟರ್ಬೈನಿನಲ್ಲೇ. ಅದರ ಮುಂದಿನ ಕೊಳವೆಯನ್ನು ಎಷ್ಟು ನುಣುಪು ಮಾಡಿದರೂ ಬಾಗಿಲು ಅಷ್ಟೇ ಅಗಲ. ಉದ್ದ ಕೊಳವೆಗಳಲ್ಲಿ ಹೊಗೆ ಹೆಚ್ಚು ದೂರ ಸಾಗಿ ಬಿಸಿ ಕಳೆದುಕೊಳ್ಳುತ್ತದೆ, ತುಂಬಬೇಕಾದ ಜಾಗವೂ ಹೆಚ್ಚು. ಆದ್ದರಿಂದ ಟರ್ಬೊ ಎಚ್ಚರಗೊಳ್ಳುವುದು ತಡವಾಗಲೂಬಹುದು.

ಇನ್ನೊಂದು ಅಪಾಯವನ್ನು ಯಾರೂ ಹೇಳಲಿಲ್ಲ. ಈ ಟರ್ಬೊದಲ್ಲಿ ವೇಸ್ಟ್‌ಗೇಟ್ ಎಂಬ ಕಿಂಡಿ ಟರ್ಬೈನ್ ಮನೆಯೊಳಗೇ ಇದೆ. ಹೆಡರ್ ಮತ್ತು ಡೌನ್ ಪೈಪ್ ಎರಡೂ ಸರಾಗವಾದಾಗ ಹೆಚ್ಚುವರಿ ಹೊಗೆಯನ್ನು ಪಕ್ಕಕ್ಕೆ ಬಿಡಲು ಆ ಸಣ್ಣ ಕಿಂಡಿಗೆ ಆಗದೆ, ಮೇಲಿನ ಆರ್‌ಪಿಎಮ್‌ನಲ್ಲಿ ಬೂಸ್ಟ್ ತಾನೇ ಏರುತ್ತ ಹೋಗಬಹುದು. ನಮ್ಮ ಊರಿನ ಸಾಮಾನ್ಯ ಪಂಪಿನ ಪೆಟ್ರೋಲಿನಲ್ಲಿ, ಮೇ ತಿಂಗಳ ಗಾಳಿಯಲ್ಲಿ, ಇದು ಪಿಸ್ಟನ್ನಿಗೆ ಕುತ್ತು. ಯಾವ ಹೆಡರ್ ಹಾಕಿದರೂ ಮೊದಲ ಓಟದಲ್ಲಿ ಬೂಸ್ಟ್ ಗೇಜಿನ ಮೇಲೆ ಒಬ್ಬರು ಕಣ್ಣಿಟ್ಟಿರಲಿ. ದೊಡ್ಡ ಬದಲಾವಣೆಯಾದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮ್ಯಾಪನ್ನೂ ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಹೊಂದಿಸಬೇಕು. ಅದಕ್ಕೆ ನಮ್ಮ ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ.

ಹಂಪಿ ಹಾರ್ನ್

ನನಗೆ ಶಕ್ತಿ ಬೇಡ, ಸದ್ದು ಬೇಕು. ಸುಬಾರು ಕಾರುಗಳಂತೆ ಗುಡುಗುಡು ಸದ್ದು ಬರಿಸುವ ಹೆಡರ್ ಯಾವುದು?

ಮೇಷ್ಟ್ರು (ರಾಯಚೂರು)

ಆ ಗುಡುಗುಡು ಬರುವುದು ಮಲಗಿದ ನಾಲ್ಕು ಸಿಲಿಂಡರ್‌ಗಳ ಎಂಜಿನ್ನಿನಲ್ಲಿ, ಎರಡು ಬದಿಯ ಕೊಳವೆಗಳ ಉದ್ದ ಬೇರೆ ಬೇರೆಯಾಗಿ ಹೊಗೆಯ ಬಡಿತಗಳು ತಾಳ ತಪ್ಪಿ ಬರುವುದರಿಂದ. ಅದೇ ಸುಬಾರುವಿಗೆ ಸಮಾನ ಉದ್ದದ ಹೆಡರ್ ಹಾಕಿದರೆ ಆ ಸದ್ದು ಹೋಗುತ್ತದೆ. ಸಾಲು ಸಿಲಿಂಡರಿನ ಎಂಜಿನ್ನಿಗೆ ಅದನ್ನು ತರಿಸಲು ಹೋಗುವುದು ತಬಲಾದಿಂದ ಶಹನಾಯಿ ನುಡಿಸಿದಂತೆ.

ಕಡತ ನೋಡುವವರು (ಬಳ್ಳಾರಿ)

ಕಾನೂನಿನ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮಿನ ಎರಡನೇ ಉಪಕಲಮಿನಡಿ ಮೊದಲ ಸಲವೇ 10,000 ರೂಪಾಯಿಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಟರ್ಬೊ ಕಾರಿನ ಹೆಡರ್ ಟರ್ಬೊಗಿಂತ ಮೊದಲು ಬರುವುದರಿಂದ ಅದನ್ನು ಬದಲಿಸಿದರೂ ಕ್ಯಾಟಲಿಟಿಕ್ ಕನ್ವರ್ಟರ್ ಹಾಗೂ ಸೈಲೆನ್ಸರ್ ಹಾಗೇ ಉಳಿಯುತ್ತವೆ, ಹೊಗೆ ತಪಾಸಣೆಯಲ್ಲಿ ತೊಂದರೆ ಬರಲಿಕ್ಕಿಲ್ಲ. ಆದರೆ ಅಪಘಾತವಾದಾಗ ವಿಮೆಯವರು ಬಾನೆಟ್ ಎತ್ತಿ ನೋಡುತ್ತಾರೆ. ಕಂಪನಿಯದೇ ಭಾಗ ಹಾಕಿದರೆ ಈ ಯಾವ ಪ್ರಶ್ನೆಯೂ ಏಳುವುದಿಲ್ಲ.

ಲೇತ್ ಅಂಗಡಿ (ಕೌಲ್ ಬಜಾರ್, ಬಳ್ಳಾರಿ)

ಹಳೆಯ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಕೊಳ್ಳುವವರು ಒಂದು ಕೆಲಸ ಮಾಡಬೇಕು. ಅದರ ಮುಖದ ಮೇಲೆ ಉದ್ದಕ್ಕೆ ಒಂದು ಸ್ಟ್ರೇಟ್ ಎಡ್ಜ್ (ಡೊಂಕಿಲ್ಲದ ಲೋಹದ ಪಟ್ಟಿ) ಇಟ್ಟು, ನಡುವೆ ಸಂದು ಅಳೆಯುವ ಫೀಲರ್ ಗೇಜಿನ ಎಲೆ ತೂರಿಸಿ ನೋಡಿ. ವರ್ಷಗಟ್ಟಲೆ ಬೆಂದ ಮ್ಯಾನಿಫೋಲ್ಡ್ ಬಾಳೆಕಾಯಿಯಂತೆ ಬಾಗಿರುತ್ತದೆ. ನಡುವೆ ದಪ್ಪ ಎಲೆ ಸಲೀಸಾಗಿ ಹೋಗುವಂತಿದ್ದರೆ ಗ್ಯಾಸ್ಕೆಟ್ ಎಷ್ಟೇ ಒಳ್ಳೆಯದಿರಲಿ, ಮಸಿ ಸೋರುತ್ತದೆ. ಮಿಲ್ಲಿಂಗಿನಲ್ಲಿ ಮುಖ ತೆಗೆಸಿದರೆ ಸರಿಹೋಗುತ್ತದೆ, ಆದರೆ ತೆಗೆಯುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿಯುವ ಹಳೆಯ ಸ್ಟಡ್ಡುಗಳನ್ನು (ತಲೆಯಿಲ್ಲದ ಬೋಲ್ಟುಗಳನ್ನು) ಮತ್ತೆ ಬಳಸಬೇಡಿ. ಅಲ್ಯೂಮಿನಿಯಮ್ ಹೆಡ್ಡಿನೊಳಗೆ ಸ್ಟಡ್ ಮುರಿದರೆ ತೆಗೆಯುವುದಕ್ಕೆ ಒಂದು ದಿನ ಹೋಗುತ್ತದೆ, ಅದೂ ಈ ಕಾರಿನಲ್ಲಿ ಎಕ್ಸಾಸ್ಟ್ ಇರುವುದು ಎಂಜಿನ್ನಿನ ಹಿಂದೆ, ಕೈಯಾಡದ ಜಾಗದಲ್ಲಿ.

ಸಿಂಧನೂರು ಗದ್ದೆ (ರಾಯಚೂರು ಜಿಲ್ಲೆ)

ಸ್ಟಡ್ಡಿನ ಮಾತು ಅಕ್ಷರಶಃ ಸತ್ಯ. ನನ್ನ ಭಾವನವರ ಹಳೆಯ ಕಾರಿನಲ್ಲಿ ಗ್ಯಾರೇಜಿನ ಹುಡುಗನೊಬ್ಬ ಬಿಸಿ ಎಂಜಿನ್ನಿನ ಮೇಲೆಯೇ ಸ್ಪ್ಯಾನರ್ ಹಾಕಿ, ಪೈಪಿನ ತುಂಡು ತೊಡಿಸಿ ಎಳೆದ. ಟಪ್ ಎಂದ ಸದ್ದಿಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂದಿನಿಂದ ಎಂಜಿನ್ ಪೂರ್ತಿ ತಣ್ಣಗಾಗದೆ, ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕದೆ, ನಾವು ಯಾರಿಗೂ ಕೈಹಾಕಲು ಬಿಡುವುದಿಲ್ಲ.

ಕೆಂಪುಧೂಳು (ಬಳ್ಳಾರಿ)

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.

ಕೊನೆಗೆ ಕಂಪನಿಯದೇ ಬೀಡು ಕಬ್ಬಿಣದ ಮ್ಯಾನಿಫೋಲ್ಡನ್ನು ತರಿಸಿದೆ. ಇದೇ ಮಾದರಿಯ ಕಾರಿಗೆ ಹೆಡರ್ ಹಾಕಿಸಿದ ಬೆಂಗಳೂರಿನವರೊಬ್ಬರು ಅದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಕೌಲ್ ಬಜಾರಿನ ಅಂಗಡಿಯಲ್ಲಿ ಮುಖಕ್ಕೆ ಸ್ಟ್ರೇಟ್ ಎಡ್ಜ್ ಇಟ್ಟಾಗ ಎರಡು ಮತ್ತು ಮೂರನೇ ಪೋರ್ಟುಗಳ ನಡುವೆ ಬೆಳಕು ಕಂಡಿತು. ತೆಳುವಾಗಿ ಒಂದು ಪದರ ತೆಗೆಸಿದೆ. ಹೊಸ ಸ್ಟಡ್ಡು, ಹೊಸ ನಟ್ಟು, ಬಹುಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕಿಸಿದೆ. ಆಧಾರದ ಪಟ್ಟಿ ಎಲ್ಲಿಯೂ ಸಿಗದೆ, ಖಾಲಿ ರಂಧ್ರಗಳ ಅಳತೆಗೆ 6 ಮಿ.ಮೀ. ಪಟ್ಟಿಯಿಂದ ಅಲ್ಲಿಯೇ ಮಾಡಿಸಿದೆ. ಬೋಲ್ಟ್ ಕೂರುವ ಕಡೆ ರಂಧ್ರವನ್ನು ಸ್ವಲ್ಪ ಉದ್ದವಾಗಿ ಕೊರೆಯಬೇಕು, ಹಿಗ್ಗಲು ಜಾಗವಿರಬೇಕು ಎಂದು ವೆಲ್ಡರ್ ಸರ್ ಫೋನಿನಲ್ಲಿ ಹೇಳಿದ್ದರು, ಹಾಗೆಯೇ ಮಾಡಿಸಿದೆ.

ಸೋರಿಕೆಯ ಪರೀಕ್ಷೆಯನ್ನು ಕಾರು ಚಾಲೂ ಮಾಡುವ ಮೊದಲೇ ಮಾಡಿದೆವು. ಸೈಲೆನ್ಸರಿನ ಬಾಯಿಗೆ ಗಾಳಿ ಊದುವ ಬ್ಲೋವರ್ ಹಚ್ಚಿ, ಸುತ್ತಲೂ ಬಟ್ಟೆ ಒತ್ತಿ ಹಿಡಿದು, ಮ್ಯಾನಿಫೋಲ್ಡಿನ ಅಂಚಿಗೆ ಸೋಪಿನ ನೀರು ಸಿಂಪಡಿಸಿದೆವು. ನಾಲ್ಕನೇ ಪೋರ್ಟಿನ ಕೆಳಗೆ ಒಂದೇ ಒಂದು ಗುಳ್ಳೆ ಎದ್ದು ಒಡೆಯಿತು. ಆ ನಟ್ಟನ್ನು ಟಾರ್ಕ್ ವ್ರೆಂಚಿನಿಂದ ಸರಿಯಾಗಿ ಬಿಗಿದ ಮೇಲೆ ಅದೂ ನಿಂತಿತು. ಸುಮಾರು 1,500 ಕಿ.ಮೀ. ಓಡಿಸಿ ಮತ್ತೆ ನೋಡಿದಾಗ ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು, ಉಳಿದವು ಅಲುಗಲಿಲ್ಲ. ಬೂಸ್ಟ್ ಕಂಪನಿ ಹೇಳಿದ ಗೆರೆಯನ್ನು ದಾಟಿಲ್ಲ. ಬೆಳಗಿನ ಟಿಕ್ ಟಿಕ್ ಇಲ್ಲ. ಮೂರನೇ ಗೇರಿನಲ್ಲಿ ಲಾರಿಯ ಹಿಂದೆ ನಿಧಾನವಾಗಿ ಹೋಗುತ್ತಿದ್ದು ಆಕ್ಸಿಲರೇಟರ್ ತುಳಿದರೆ, ಮೊದಲು ನಾನು ಕಾಯುತ್ತಿದ್ದ ಆ ಎರಡು ಕ್ಷಣಗಳನ್ನು ಈಗ ಕಾಯಬೇಕಾಗಿಲ್ಲ.

ಒಡೆದ ಹೆಡರನ್ನು ಕುತೂಹಲಕ್ಕೆ ಗ್ರೈಂಡರಿನಲ್ಲಿ ಸೀಳಿಸಿದೆ. ವೆಲ್ಡರ್ ಸರ್, ನೀವು ಹೇಳಿದ್ದು ಅಕ್ಷರಕ್ಕೆ ಅಕ್ಷರ ಕಂಡಿತು. ಒಳಗೆ ಬೆಸುಗೆಯ ಗುಂಟ ಸುಟ್ಟ ಬೆಲ್ಲ, ಒಂದು ಕಡೆ ಅಕ್ಕಿಕಾಳಿನಷ್ಟು ಚೂರು ಕಳಚಿ ಹೋಗಿ ಗುಳಿ ಬಿದ್ದಿದೆ. ಆ ಚೂರು ಎಲ್ಲಿಗೆ ಹೋಯಿತೆಂದು ಟರ್ಬೈನ್ ಚಕ್ರವನ್ನು ಟಾರ್ಚು ಬಿಟ್ಟು ನೋಡಿದೆ. ಒಂದು ರೆಕ್ಕೆಯ ತುದಿಯಲ್ಲಿ ಉಗುರಿಗೆ ತಾಗುವಷ್ಟು ಕಚ್ಚಿದೆ.

ಶಕ್ತಿನಗರದ ವೆಲ್ಡರ್ (ರಾಯಚೂರು)

ಟರ್ಬೊವನ್ನು ಬಿಚ್ಚಿಸಿ, ತಿಳಿದವರ ಕೈಗೆ ಕೊಟ್ಟು ಬ್ಯಾಲೆನ್ಸ್ ನೋಡಿಸಿ. ಶಾಫ್ಟಿನಲ್ಲಿ ಆಟ ಇದೆಯೇ ಎಂದು ಬೆರಳಿನಿಂದ ಅಲುಗಿಸಿ ನೋಡಿದಿರಾ?

ಕೆಂಪುಧೂಳು (ಬಳ್ಳಾರಿ)

ನೋಡಿದೆ, ಸರ್. ಉದ್ದಕ್ಕೆ ಆಟವಿಲ್ಲ, ಅಡ್ಡಕ್ಕೆ ಬಹಳ ಸ್ವಲ್ಪ. ದೀಪಾವಳಿ ಕಳೆದ ಮೇಲೆ ಬಿಚ್ಚಿಸುತ್ತೇನೆ, ಅಲ್ಲಿಯವರೆಗೆ ಮೆಲ್ಲಗೆ ಓಡಿಸುತ್ತೇನೆ.

ಗಿಣಿಗೇರ ಗೇಟ್ (ಕೊಪ್ಪಳ)

ಅಣ್ಣನವರೇ, ಸೀಳಿದ ಹೆಡರಿನ ಹೆಡ್ ಫ್ಲ್ಯಾಂಜನ್ನು ಗುಜರಿಗೆ ಹಾಕಬೇಡಿ. 321ರಲ್ಲಿ ಒಂದು ಹೊಸದನ್ನು ಜಿಗ್ ಸಮೇತ ಮಾಡಿಸುವ ಯೋಚನೆಯಲ್ಲಿದ್ದೇನೆ, ರಂಧ್ರಗಳ ಅಳತೆಗೆ ಅದು ಬೇಕಾಗುತ್ತದೆ. ಭಾನುವಾರ ಹೊಸಪೇಟೆಯ ಕಡೆ ಬಂದರೆ ನಾನೇ ಬಂದು ಒಯ್ಯುತ್ತೇನೆ.